ಎಣ್ಣೆಯ ಬಟ್ಟಲೂ ಮೆದುಳಿನ ಕೋಶವೂ

ನಮ್ಮ ತಾತನಿಗೆ ಲಕ್ವ ಹೊಡೆದ ಬೆಳಿಗ್ಗೆ ಮನೆಯವರೆಲ್ಲ ಸೇರಿ ಎಣ್ಣೆ ಕಾಯಿಸಿ ಕೈಕಾಲು ತಿಕ್ಕಿದೆವು. ಆಸ್ಪತ್ರೆಗೆ ಹೊರಟದ್ದು ಮಾರನೆಯ ದಿನ. ಕೆಟ್ಟದ್ದು ಕೈಯಲ್ಲ, ಮೆದುಳು ಎಂಬುದು ನಮಗಾರಿಗೂ ತಿಳಿದಿರಲಿಲ್ಲ.

ಮೆದುಳಿನ ರಕ್ತನಾಳ ಕಟ್ಟಿದೊಡನೆ ನರಕೋಶಗಳೆಲ್ಲ ಒಮ್ಮೆಗೇ ಸಾಯುವುದಿಲ್ಲ. ನಡುವಿನವು ನಿಮಿಷಗಳಲ್ಲಿ ಅಳಿಯುತ್ತವೆ. ಸುತ್ತಲಿನವು ಕೆಲವು ಗಂಟೆ ಜೀವ ಹಿಡಿದಿರುತ್ತವೆ. ಅಷ್ಟರಲ್ಲಿ ಗ್ಲುಟಾಮೇಟ್ ಎಂಬ ದ್ರವ್ಯ ಮಿತಿಮೀರಿ ಸುರಿದು ಕೋಶದ ಬಾಗಿಲು ತೆರೆಸುತ್ತದೆ, ಕ್ಯಾಲ್ಸಿಯಂ ಒಳನುಗ್ಗುತ್ತದೆ. ಕೋಶದ ನಿತ್ಯದ ಕೆಲಸಕ್ಕೆಂದೇ ಇದ್ದ ಕ್ಯಾಲ್ಪೇನ್ ಎಂಬ ಕಿಣ್ವ ಆಗ ಕೆರಳಿ ಅದರ ಹಂದರವನ್ನೇ ಕಡಿಯತೊಡಗುತ್ತದೆ. ಕ್ಯಾಸ್ಪೇಸ್ ಎಂಬ ಕಿಣ್ವಗಳು ಒಂದಕ್ಕೊಂದು ಸುದ್ದಿ ಮುಟ್ಟಿಸುತ್ತ, ಕೋಶವು ತನ್ನನ್ನು ತಾನೇ ಕೊಂದುಕೊಳ್ಳುವಂತೆ ಮಾಡುತ್ತವೆ. ಬೇಲಿಯೇ ಎದ್ದು ಹೊಲ ಮೇಯುವುದೆಂದರೆ ಇದೇ ಅಲ್ಲವೇ? ನಿಮಿಷಕ್ಕೆ ಸುಮಾರು 19 ಲಕ್ಷ ನರಕೋಶಗಳು ನಷ್ಟವಾಗುತ್ತವೆಂದು 2006ರ ಲೆಕ್ಕವೊಂದು ಹೇಳುತ್ತದೆ.

ಈ ಸರಪಳಿಯನ್ನು ತುಂಡರಿಸುವ ಎಷ್ಟೋ ಮದ್ದುಗಳು ಪ್ರಾಣಿಗಳಲ್ಲಿ ಫಲಿಸಿ ಮನುಷ್ಯರಲ್ಲಿ ಸೋತಿವೆ. ನೆರವಿಗೆ ಬಂದುದು ಹೆಪ್ಪು ಕರಗಿಸುವ ಔಷಧಿ. ಅದೂ ಒಂದು ಕಿಣ್ವವೇ ಎಂಬುದು ವಿಶೇಷ. ಅಮೆರಿಕದಲ್ಲಿ 1996ರಲ್ಲಿ ಒಪ್ಪಿಗೆ ಪಡೆದ ಇದನ್ನು ಸಾಮಾನ್ಯವಾಗಿ 4½ ಗಂಟೆಯೊಳಗೆ ಕೊಡಬೇಕು. ರಕ್ತಸ್ರಾವದಿಂದಾದ ಲಕ್ವಕ್ಕೆ ಕೊಡುವಂತಿಲ್ಲವಾದ್ದರಿಂದ ಮೊದಲು ಸ್ಕ್ಯಾನ್ ಆಗಲೇಬೇಕು.

ನಾನು ಕಲಾವಿಭಾಗದವನು, ವೈದ್ಯನಲ್ಲ. ಆದರೂ, ಮನೆಗೆ ಮೊದಲು ಅಕ್ಷರ ತಂದ ನಮ್ಮಂಥವರಿಗೆ ಒಂದು ಋಣವಿದೆಯೆಂದು ನನ್ನ ನಮ್ರ ಅಭಿಪ್ರಾಯ. ಬಾಯಿ ಸೊಟ್ಟಗಾದರೆ, ಕೈ ಜೋತುಬಿದ್ದರೆ, ಮಾತು ತೊದಲಿದರೆ ಎಣ್ಣೆಯ ಬಟ್ಟಲನ್ನು ಕೆಳಗಿಟ್ಟು ಮೊದಲು ಗಾಡಿ ಕರೆಸಿರೆಂದು ಊರವರಿಗೆ ನಾವೇ ಹೇಳಬೇಕು. ಅಷ್ಟನ್ನೂ ಹೇಳದಿದ್ದರೆ ನಮ್ಮ ಪದವಿ ಯಾರ ಪ್ರಯೋಜನಕ್ಕೆ?