ಪಾಳು ಭೂಮಿ ಎಂದವರು ಯಾರು?

ಪ್ರತಿ ವರ್ಷ ಮಹಾನವಮಿಯಂದು ದೇವರಗುಡ್ಡದ ಮಾಲತೇಶಸ್ವಾಮಿಯ ಕಾರ್ಣಿಕಕ್ಕೆ ಸುತ್ತಲಿನ ಜಿಲ್ಲೆಗಳಿಂದ ಸಾವಿರಾರು ಜನ ಸೇರುತ್ತಾರೆ. ವ್ರತ ಹಿಡಿದ ಗೊರವಯ್ಯ ಬಿಲ್ಲನ್ನೇರಿ ಒಂದೇ ಸಾಲು ನುಡಿದು ಕೆಳಗೆ ಬೀಳುತ್ತಾನೆ. ಆ ಸಾಲಿನಲ್ಲಿ ರೈತರು ಮಳೆ ಬೆಳೆಯನ್ನೂ ವ್ಯಾಪಾರಿಗಳು ಪೇಟೆಯ ಧಾರಣೆಯನ್ನೂ ಪುಢಾರಿಗಳು ತಮ್ಮ ಪಕ್ಷದ ಭವಿಷ್ಯವನ್ನೂ ಹುಡುಕುತ್ತಾರೆ; ಪುಢಾರಿಗಳಿಗೆ ಅದು ಸಿಗದೆ ಹೋದ ವರ್ಷವೇ ಇಲ್ಲ. ನಂಬುವುದು ಬಿಡುವುದು ಅವರವರ ಇಚ್ಛೆ. ಆದರೆ ಬಿಲ್ಲು ನಿಲ್ಲಿಸಲು ಬಯಲು ಬೇಕು. ಬಂದವರು ಚಕ್ಕಡಿ, ಟ್ರ್ಯಾಕ್ಟರ್ ಬಿಡಲು, ಮೂರು ಕಲ್ಲು ಹೂಡಿ ಅನ್ನ ಬೇಯಿಸಲು, ಮಲಗಲು ನೆಲ ಬೇಕು. ಆ ನೆಲಕ್ಕೆ ಬಾಡಿಗೆಯಿಲ್ಲ, ಬಾಗಿಲಿಲ್ಲ, ಉಳಿದ ದಿನಗಳಲ್ಲಿ ಅಲ್ಲಿ ಕಟ್ಟಡವೂ ಇಲ್ಲ. ಪ್ಲಾಟು ವ್ಯವಹಾರದ ಭಾಷೆಯಲ್ಲಿ ಇಂಥ ನೆಲಕ್ಕೆ ಒಂದೇ ಹೆಸರು: ಪಾಳು ಭೂಮಿ.

ರಾಣೆಬೆನ್ನೂರು, ಬ್ಯಾಡಗಿ, ಹಾವೇರಿಗಳ ನಡುವಿನ ಈ ಸೀಮೆಗೆ ಹುಬ್ಬಳ್ಳಿ–ಬೆಂಗಳೂರು ರೈಲು ಮಾರ್ಗವಿದೆ, ರಾಷ್ಟ್ರೀಯ ಹೆದ್ದಾರಿಯಿದೆ. 1997ರಲ್ಲಿ ಹಾವೇರಿ ಪ್ರತ್ಯೇಕ ಜಿಲ್ಲೆಯಾಯಿತು. ಬಿತ್ತನೆ ಬೀಜ, ಹತ್ತಿ, ಮೆಣಸಿನಕಾಯಿಗಳ ವ್ಯಾಪಾರದಲ್ಲಿ ಉಳಿದ ಹಣ ಎಲ್ಲಾದರೂ ನೆಲೆ ನಿಲ್ಲಬೇಕಲ್ಲ. ಅದು ನೆಲದಲ್ಲೇ ನಿಂತಿತು. ರಸ್ತೆ ಬದಿಯ ಹೊಲಗಳು ಬಿನ್ ಶೇತ್ಕಿಯಾದವು, ಜೋಳ ನಿಲ್ಲುತ್ತಿದ್ದಲ್ಲಿ ಸಾಲುಗಲ್ಲುಗಳು ನಿಂತವು. ಪೇಟೆ ಬೆಳೆದಂತೆ ದರವು ಹೆದ್ದಾರಿಯಿಂದ ಕವಲುರಸ್ತೆಗೆ, ಕವಲುರಸ್ತೆಯಿಂದ ಗುಡ್ಡದ ಬುಡಕ್ಕೆ ಹರಿಯುವುದು ಈ ವ್ಯವಹಾರದ ಸಹಜ ಗತಿ.

'ಪಾಳು' ಎಂಬ ಮಾತಿಗೆ ಈ ಜಿಲ್ಲೆಯಲ್ಲಿ ಹಳೆಯ ಚರಿತ್ರೆಯಿದೆ. 1984ರಲ್ಲಿ ರಾಜ್ಯ ಸರ್ಕಾರವೂ ಹರಿಹರ ಪಾಲಿಫೈಬರ್ಸ್ ಕಾರ್ಖಾನೆಯೂ ಕೂಡಿ ಕರ್ನಾಟಕ ಪಲ್ಪ್‌ವುಡ್ಸ್ ಲಿಮಿಟೆಡ್ ಎಂಬ ಕಂಪನಿಯನ್ನು ಕಟ್ಟಿ, ಸುಮಾರು 30,000 ಹೆಕ್ಟೇರ್ ಸಾರ್ವಜನಿಕ ಭೂಮಿಯಲ್ಲಿ ನೀಲಗಿರಿ ಬೆಳೆಸಲು ಹೊರಟವು. ಜನ ಸೌದೆ, ಸೊಪ್ಪು, ಮೇವು ತರುತ್ತಿದ್ದ ನೆಲ ಕಡತದಲ್ಲಿ ಪಾಳಾಗಿತ್ತು. 1987ರ ನವೆಂಬರ್ 14ರಂದು ಹಾನಗಲ್ಲ ತಾಲ್ಲೂಕಿನ ಕುಸನೂರಿನಲ್ಲಿ ಸಮಾಜ ಪರಿವರ್ತನ ಸಮುದಾಯದ ಕರೆಗೆ ಓಗೊಟ್ಟ ಜನರು 'ಕಿತ್ತಿಕೋ-ಹಚ್ಚಿಕೋ' ಸತ್ಯಾಗ್ರಹ ನಡೆಸಿದರು; ನೀಲಗಿರಿ ಸಸಿಗಳನ್ನು ಕಿತ್ತು ತಮಗೆ ಬೇಕಾದ ಗಿಡಗಳನ್ನು ನೆಟ್ಟರು. ವಿವಾದ ಸುಪ್ರೀಂ ಕೋರ್ಟಿನವರೆಗೂ ಹೋಯಿತು. 1991ರಲ್ಲಿ ಕಂಪನಿ ಮುಚ್ಚಿತು. ರಾಣೆಬೆನ್ನೂರಿನ ಹುಲ್ಲುಗಾವಲಿಗೆ ಮಾತ್ರ ಅಂಥ ಅದೃಷ್ಟವಿರಲಿಲ್ಲ. 1974ರಲ್ಲಿ ಕೃಷ್ಣಮೃಗ ಅಭಯಾರಣ್ಯವಾದ 119 ಚದರ ಕಿಲೋಮೀಟರ್ ನೆಲದ ಬಹುಭಾಗವನ್ನು ನೀಲಗಿರಿ ಆವರಿಸಿತು. ತೆರೆದ ಬಯಲನ್ನೇ ಬಯಸುವ ಎರೆಭೂತ ಹಕ್ಕಿ ಅಲ್ಲಿಂದ ಕಣ್ಮರೆಯಾಯಿತು.

ಪ್ಲಾಟಿನ ಮುಂದೆ ಕುಸನೂರಿನ ಉಪಾಯ ನಡೆಯುವುದಿಲ್ಲ. ಅಂದು ಎದುರಿಗಿದ್ದುದು ಕಂಪನಿ. ಇಂದು ಮಾರುವ ಸಹಿ ಹಾಕುವವನು ಪಕ್ಕದ ಮನೆಯ ಅಣ್ಣ. ಅವನನ್ನು ದ್ರೋಹಿ ಎಂದು ಬೈಯುವುದು ಸುಲಭ, ನ್ಯಾಯವಲ್ಲ. 2024ರ ಮಾರ್ಚ್ 11ರಂದು ಬ್ಯಾಡಗಿಯ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ದರ ಕುಸಿದಾಗ ದೂರದ ಜಿಲ್ಲೆಗಳಿಂದಲೂ ಬಂದಿದ್ದ ರೈತರು ಕೆರಳಿ ಎಪಿಎಂಸಿ ಕಚೇರಿಗೆ ನುಗ್ಗಿದರು, ವಾಹನಗಳು ಸುಟ್ಟವು. ಬೆಂಕಿ ಹಚ್ಚಿದ್ದನ್ನು ಯಾರೂ ಸಮರ್ಥಿಸಬೇಕಾಗಿಲ್ಲ. ಆದರೆ ಅಂಥ ಹಂಗಾಮಿನ ಮರುದಿನ ಹೊಲ ಕೇಳಲು ಬರುವ ದಲ್ಲಾಳಿಗೆ ಚೌಕಾಶಿ ಮಾಡುವ ಕಷ್ಟವೇ ಇರುವುದಿಲ್ಲ. 2020ರಲ್ಲಿ ಸರ್ಕಾರ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಮುಗಳನ್ನು ತೆಗೆದುಹಾಕಿ, ರೈತರಲ್ಲದವರೂ ಕೃಷಿಭೂಮಿ ಕೊಳ್ಳಲು ದಾರಿ ತೆರೆಯಿತು. ಕೊಳ್ಳುವವರ ಸಂಖ್ಯೆ ಹೆಚ್ಚಿದರೆ ರೈತನಿಗೆ ಒಳ್ಳೆಯ ಬೆಲೆ ಬರುತ್ತದೆಂದು ಹೇಳಲಾಯಿತು. ಬೆಳೆಗೆ ಬೆಲೆ ಕೊಡಲಾಗದವರು ಹೊಲಕ್ಕೆ ಬೆಲೆ ಕೊಡಿಸಲು ತೋರಿದ ಆತುರ ಗಮನಿಸತಕ್ಕದ್ದು.

ಬಡವರಿಗೆ ಮನೆ ಬೇಡವೇ ಎಂಬುದು ಪ್ಲಾಟಿನವರ ಸಿದ್ಧ ಪ್ರಶ್ನೆ. ಬೇಕು. 2019ರ ಆಗಸ್ಟ್‌ನ ಮಳೆ ಮತ್ತು ನೆರೆಯಲ್ಲಿ ಹಾವೇರಿ ಜಿಲ್ಲೆಯ ಮಣ್ಣಿನ ಗೋಡೆಯ ಮಾಳಿಗೆ ಮನೆಗಳು ಸಾಲು ಸಾಲಾಗಿ ಕುಸಿದವು. ಪೂರ್ತಿ ಬಿದ್ದ ಮನೆಗೆ ಸರ್ಕಾರ 5 ಲಕ್ಷ ರೂಪಾಯಿ ಘೋಷಿಸಿತು. ಆ ಕುಟುಂಬಗಳಿಗೆ ಬೇಕಾದದ್ದು ಊರೊಳಗೆ ನೀರು ನಿಲ್ಲದ ಜಾಗ, ದನದ ಕೊಟ್ಟಿಗೆಗೊಂದು ಹಿತ್ತಲು, ಹೊಲಕ್ಕೆ ನಡೆದು ಹೋಗುವಷ್ಟು ದೂರ. ಲೇಔಟಿನಲ್ಲಿ ಸಿಗುವುದು ಚೌಕಾಕಾರದ ತುಂಡು ನೆಲ. ಕೊಟ್ಟಿಗೆಗೆ ಅಲ್ಲಿ ಜಾಗವಿಲ್ಲ. ಕೊಂಡವರಲ್ಲಿ ಬಹಳ ಜನ ಮನೆ ಕಟ್ಟುವುದೂ ಇಲ್ಲ, ದರ ಏರಲೆಂದು ಕಾಯುತ್ತಾರೆ. ಕಾಯುವಷ್ಟು ಕಾಲ ಅಲ್ಲಿ ಜಾಲಿ ಬೆಳೆಯುತ್ತದೆ. ನಿಜವಾದ ಪಾಳು ಭೂಮಿ ಯಾರಿಗಾದರೂ ನೋಡಬೇಕೆನಿಸಿದರೆ ಅದು ಅಲ್ಲಿದೆ.

ಕಟ್ಟಿದ ಮನೆಯ ಲೆಕ್ಕವೂ ಪ್ಲಾಟಿನ ಗಡಿಯಲ್ಲಿ ಮುಗಿಯುವುದಿಲ್ಲ. ತಗ್ಗು ತುಂಬಲು ಗರಸು ಮಣ್ಣು ಬೇಕು, ಅದು ಗುಡ್ಡವನ್ನು ಬಗೆದು ಬರುತ್ತದೆ. ಖಡಿ ಕ್ರಷರಿನಿಂದ, ಉಸುಕು ತುಂಗಭದ್ರೆಯ ಒಡಲಿನಿಂದ. ಗುಡ್ಡದ ನೀರು ಕೆರೆಗೆ ಇಳಿಯುವ ಹಳ್ಳವನ್ನು ಮುಚ್ಚಿ ರಸ್ತೆ ಮಾಡಿದರೆ ಕೆರೆ ಒಣಗುತ್ತದೆ, ಮಳೆಗಾಲದಲ್ಲಿ ಅದೇ ನೀರು ಕೆಳಗಿನ ಓಣಿಗೆ ನುಗ್ಗುತ್ತದೆ. ಐದು ಹೆಕ್ಟೇರಿಗಿಂತ ಚಿಕ್ಕ ಉಪಖನಿಜ ಗುತ್ತಿಗೆಗೂ ಪರಿಸರ ಅನುಮತಿ ಬೇಕೆಂದು ಸುಪ್ರೀಂ ಕೋರ್ಟ್ 2012ರಲ್ಲಿ ದೀಪಕ್ ಕುಮಾರ್ ಪ್ರಕರಣದಲ್ಲಿ ಆದೇಶಿಸಿದ್ದು ಈ ಸಣ್ಣ ಸಣ್ಣ ಬಗೆತಗಳೇ ಕೂಡಿ ಗುಡ್ಡವನ್ನೂ ಹೊಳೆಯನ್ನೂ ತಿನ್ನುತ್ತವೆಂದು ತಿಳಿದೇ. ಪ್ಲಾಟಿನ ದರದಲ್ಲಿ ಇದಾವುದಕ್ಕೂ ಒಂದು ಪೈಸೆ ಸೇರಿಲ್ಲ.

ಇನ್ನು ಗೋಮಾಳ. ಕರ್ನಾಟಕ ಭೂಕಂದಾಯ ನಿಯಮಗಳ 97ನೆಯ ನಿಯಮವು ಪ್ರತಿ ಊರಿನಲ್ಲಿ ನೂರು ದನಗಳಿಗೆ 12 ಹೆಕ್ಟೇರಿನಂತೆ ಮೇವಿನ ನೆಲ ಬಿಡಬೇಕೆಂದು ಹೇಳುತ್ತದೆ. ಈ ನಿಯಮವನ್ನೇ ತಿರುಗಿಸಿ ಊರಿನ ವಿರುದ್ಧ ಹಿಡಿಯುವ ಜಾಣತನವಿದೆ. ಮೇಯುವ ನೆಲ ಕಿರಿದಾದರೆ ರೈತ ದನ ಮಾರುತ್ತಾನೆ. ದನಗಣತಿಯಲ್ಲಿ ಸಂಖ್ಯೆ ಇಳಿದರೆ ಉಳಿದ ಗೋಮಾಳ 'ಹೆಚ್ಚುವರಿ' ಎನಿಸುತ್ತದೆ. ಹೆಚ್ಚುವರಿಯನ್ನು ಹಂಚಿದರೆ ಮತ್ತಷ್ಟು ದನ ಸಂತೆಗೆ ಹೋಗುತ್ತವೆ. ಮಾಲತೇಶನು ಕುರಿಗಾಹಿಗಳ ದೈವ. ಅವನ ಗುಡ್ಡದ ಸುತ್ತ ಕುರಿ ಮೇಯಲು ನೆಲವಿಲ್ಲದ ದಿನ ಬಂದರೆ ಗೊರವರ ಕಂಬಳಿ ಎಲ್ಲಿಂದ ಬರಬೇಕು? ಊರ ಸಾರ್ವಜನಿಕ ನೆಲದ ಒತ್ತುವರಿಯನ್ನು ತೆರವು ಮಾಡಿ ಗ್ರಾಮಕ್ಕೆ ಹಿಂದಿರುಗಿಸಲು ರಾಜ್ಯಗಳು ಯೋಜನೆ ರೂಪಿಸಬೇಕೆಂದು 2011ರ ಜನವರಿಯಲ್ಲಿ ಜಗಪಾಲ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆ ತೀರ್ಪನ್ನು ಹಿಡಿದು ಕೇಳುವವರಿಲ್ಲದಲ್ಲಿ ಅದು ಕಾಗದವಷ್ಟೇ.

ಕೇಳಿದರೆ ಆಗುತ್ತದೆಂಬುದಕ್ಕೆ ನೆರೆಯ ಗದಗ ಜಿಲ್ಲೆ ಸಾಕ್ಷಿ. ಕಪ್ಪತಗುಡ್ಡವನ್ನು 2015ರಲ್ಲಿ ಸಂರಕ್ಷಿತ ಪ್ರದೇಶವೆಂದು ಘೋಷಿಸಿದ ಸರ್ಕಾರವೇ 2016ರಲ್ಲಿ ಆ ಆದೇಶವನ್ನು ಹಿಂತೆಗೆದುಕೊಂಡಿತು. ಜನ ಬೀದಿಗಿಳಿದರು, ಮಠಾಧೀಶರು ಮುಂದೆ ನಿಂತರು. 2017ರಲ್ಲಿ ಆದೇಶ ಮರಳಿತು, 2019ರಲ್ಲಿ ಗುಡ್ಡ ವನ್ಯಜೀವಿಧಾಮವಾಯಿತು. ದೇವರಗುಡ್ಡಕ್ಕೆ ಅಷ್ಟು ದೊಡ್ಡ ಪಟ್ಟ ಬೇಕಾಗಿಲ್ಲ. ಗೋಮಾಳ, ಹಳ್ಳ, ಕೆರೆಯಂಗಳ, ದಾರಿ, ಜಾತ್ರೆಯ ನೆಲ ಇವು ಇಂತಿಷ್ಟು, ಇಂಥ ಸರ್ವೆ ನಂಬರಿನಲ್ಲಿವೆ ಎಂಬ ಪಟ್ಟಿಯೊಂದು ಊರಿನ ಕೈಯಲ್ಲಿರಬೇಕು. ಪಟ್ಟಿ ಮಾಡಲು ಕಾಲೇಜಿನ ಹುಡುಗ ಹುಡುಗಿಯರು ಸಾಕು: ದಿಶಾಂಕ್ ಆ್ಯಪ್ ತೆರೆದು ನೆಲದ ಮೇಲೆ ನಿಂತರೆ ಸರ್ವೆ ನಂಬರು ಕಾಣುತ್ತದೆ, ಅದನ್ನು ಪಹಣಿಯೊಂದಿಗೆ ಹೋಲಿಸಬಹುದು, ಊರ ಹಿರಿಯರನ್ನು ಕರೆದೊಯ್ದು ಹಳ್ಳದ ಹಳೆಯ ಹಾದಿ ಕೇಳಬಹುದು. ಹೊಲವು ಬಿನ್ ಶೇತ್ಕಿಯಾಗುವ ಮುನ್ನ ಅದರ ನಕ್ಷೆಯನ್ನು ಪಂಚಾಯತಿ ಕಟ್ಟೆಯಲ್ಲಿ ಅಂಟಿಸಬೇಕೆಂದು ಗ್ರಾಮಸಭೆ ಒತ್ತಾಯಿಸಬೇಕು. ಮನೆಯಿಲ್ಲದವರ ಹೆಸರುಗಳನ್ನೂ ಅದೇ ಸಭೆಯಲ್ಲಿ ಓದಬೇಕು. ಮುಂದಿನ ಮಹಾನವಮಿಗೆ ಮೊದಲೇ ಆ ಪಟ್ಟಿ ನಡಾವಳಿ ಪುಸ್ತಕಕ್ಕೆ ಏರಬೇಕು, ಕಾರ್ಣಿಕದ ಬಯಲಿನ ಸರ್ವೆ ನಂಬರಿನಿಂದ ಆರಂಭವಾಗಿ.