ಪತಂಗಗಳ ಪಾಲಿನ ಕತ್ತಲು

ಊರು ಬೆಳೆದಂತೆಲ್ಲ ದೀಪವೂ ಬೆಳೆಯಬೇಕೆಂಬುದು ನಮ್ಮ ಪೌರಾಡಳಿತದ ನಿರ್ವಿವಾದ ಸಿದ್ಧಾಂತವಾಗಿ ಪರಿಣಮಿಸಿದೆ. ವೃತ್ತಗಳಲ್ಲಿ ಹೈಮಾಸ್ಟ್ ದೀಪಗಳೂ ಕೆರೆಯ ದಂಡೆಗಳಲ್ಲಿ ಅಲಂಕಾರ ದೀಪಗಳೂ ಬೆಳಗಾಗುವ ತನಕ ಉರಿಯುತ್ತಿರಲು, ಅದನ್ನು ಅಭ್ಯುದಯದ ಲಕ್ಷಣವೆಂದೆಣಿಸಿ ತೃಪ್ತರಾಗುವ ನಾವು, ಇರುಳೆಂಬುದು ಅನ್ಯ ಜೀವಿಗಳ ದಾಂಪತ್ಯದ ಕಾಲವೂ ಹೌದೆಂಬುದನ್ನು ಲೆಕ್ಕಕ್ಕೆ ತಂದುಕೊಂಡಿಲ್ಲ.

ಪತಂಗಗಳೇ ಇದಕ್ಕೆ ನಿದರ್ಶನ. ಫ್ರಾನ್ಸಿನ ಸೆರಿನ್ಯಾನ್ ಗ್ರಾಮದಲ್ಲಿ ನೆಲೆಸಿದ್ದ ಕೀಟಶಾಸ್ತ್ರಜ್ಞ ಝಾನ್ ಆನ್ರಿ ಫಾಬ್ರ್, ಕೋಶದಿಂದ ಆಗತಾನೆ ಹೊರಬಂದ ಮಹಾಮಯೂರ ಪತಂಗದ ಹೆಣ್ಣೊಂದನ್ನು ತಂತಿಜಾಲರಿಯೊಳಗೆ ಇರಿಸಲು, ರಾತ್ರಿ 8ರಿಂದ 10 ಗಂಟೆಯೊಳಗಾಗಿ ಗಂಡುಗಳು ಹಿಂಡುಹಿಂಡಾಗಿ ಆತನ ಮನೆಯನ್ನು ಹೊಕ್ಕವು. ಅದರ ಹತ್ತಿರದ ಬಂಧುವಾದ ಕಿರಿಯ ಮಯೂರ ಪತಂಗದ ಗಂಡುಗಳಾದರೋ ನಡುಹಗಲ ಬಿಸಿಲಿನಲ್ಲಿಯೇ ಬಂದವು. ಹೆಣ್ಣನ್ನು ಗಾಳಿಯಾಡದಂತೆ ಮುಚ್ಚಿಟ್ಟಾಗ ಒಂದೂ ಸುಳಿಯಲಿಲ್ಲ. ಇಂತಹ ಆಹ್ವಾನದ ದ್ರವ್ಯವೊಂದು ಯಾವುದೆಂಬುದು 1959ರಲ್ಲಿ ತಿಳಿದುಬಂದಿತು: ಜರ್ಮನಿಯ ಅಡಾಲ್ಫ್ ಬುಟೆನಾಂಟ್ ಮತ್ತು ಸಂಗಡಿಗರು, ನಮ್ಮ ಬಿತ್ತನೆ ಕೋಠಿಗಳಲ್ಲಿ ಮುಂಜಾನೆ ಗೂಡಿನಿಂದ ಹೊರಬರುವ ಅದೇ ರೇಷ್ಮೆ ಪತಂಗದ ಸುಮಾರು 5 ಲಕ್ಷ ಹೆಣ್ಣುಗಳಿಂದ, ಬಾಂಬಿಕಾಲ್ ಎಂಬ ಫೆರೊಮೋನನ್ನು, ಅಂದರೆ ಗಂಡನ್ನು ಕರೆಯುವ ಗಂಧದ್ರವ್ಯವನ್ನು, ಬೇರ್ಪಡಿಸಿದರು.

ಈ ಗಂಧವು ಸದಾಕಾಲ ಸೂಸತಕ್ಕದ್ದಲ್ಲ. ಹೆಣ್ಣು ತನ್ನ ನಿಯತ ಹೊತ್ತಿನಲ್ಲಿ ಮಾತ್ರ ಉದರದ ತುದಿಯ ಗ್ರಂಥಿಯನ್ನು ಹೊರಚಾಚಿ ಗಾಳಿಗೆ ಒಡ್ಡುವುದು. ಅನೇಕ ಜಾತಿಗಳಲ್ಲಿ, ಅನ್ನನಾಳದ ಕೆಳಗಣ ನರಗ್ರಂಥಿಯಿಂದ ಹೊರಡುವ ಹಾರ್ಮೋನು ತಲಪಿದ ಹೊರತು ಆ ಗ್ರಂಥಿಯಲ್ಲಿ ಗಂಧವೇ ಸಿದ್ಧವಾಗದು. ಎಡೆಬಿಡದ ಕತ್ತಲೆಯಲ್ಲಿಟ್ಟರೂ ಕೆಲವು ದಿನಗಳವರೆಗೆ ಈ ಕ್ರಮವು ಹೆಚ್ಚುಕಡಮೆ ಅದೇ ವೇಳೆಗೆ ನಡೆದುಬರುವುದರಿಂದ, ಗಡಿಯಾರವು ಪತಂಗದ ಒಳಗೇ ಇರುವುದೆಂಬುದು ಸಿದ್ಧವಾಗಿದೆ. ಅದನ್ನು ದಿನದಿನವೂ ಸರಿಪಡಿಸುವ ಕಾರ್ಯ ಮಾತ್ರ ಹಗಲಿರುಳುಗಳದು. ಉತ್ತರ ಅಮೆರಿಕದ ಕಲೋಸಾಮಿಯಾ ಕುಲದ ಮೂರು ಜಾತಿಗಳಲ್ಲಿ ಒಂದು ಹಗಲಿನಲ್ಲಿ, ಇನ್ನೊಂದು ಇಳಿಹೊತ್ತಿನಲ್ಲಿ, ಮತ್ತೊಂದು ಕತ್ತಲಾದ ಮೇಲೆ ಕೂಡುವುವು; ಪಂಜರದಲ್ಲಿ ಒಟ್ಟುಗೂಡಿಸಿದರೆ ಸಂಕರ ಸಂತಾನವನ್ನು ಪಡೆಯಬಲ್ಲ ಇವುಗಳ ನಡುವೆ ಹೊಲದ ಬದುವಿನಂತೆ ನಿಂತಿರುವುದು ಬಹುಮಟ್ಟಿಗೆ ಈ ಹೊತ್ತಿನ ಭೇದವೇ.

ಹೀಗಿರುವಲ್ಲಿ ರಾತ್ರಿಯುದ್ದಕ್ಕೂ ಬೆಳಕು ಚೆಲ್ಲಿದರೆ ಆಗುವ ಹಾನಿಯು, ದೀಪಕ್ಕೆ ಮುತ್ತಿ ಸಾಯುವ ಪತಂಗಗಳಿಗಷ್ಟೇ ಸೀಮಿತವಾಗದು. ನೆದರ್ಲೆಂಡಿನ ಸಂಶೋಧಕರು 2015ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಕೃತಕ ಬೆಳಕಿನಲ್ಲಿ ಇರುಳು ಕಳೆದ ಎಲೆಕೋಸಿನ ಪತಂಗದ ಹೆಣ್ಣುಗಳು ಕಡಮೆ ಗಂಧವನ್ನು ತಯಾರಿಸಿದುದಲ್ಲದೆ, ಗಂಧದ ಘಟಕಗಳ ಪ್ರಮಾಣವೂ ವ್ಯತ್ಯಾಸಗೊಂಡಿದ್ದಿತು. ದೀಪದ ಬಳಿ ಸುಳಿಯದ ಪತಂಗವೂ ನಿಸ್ಸಂತಾನವಾಗಬಹುದೆಂಬ ಆಶಂಕೆಗೆ ಇಲ್ಲಿ ಆಧಾರವಿದೆ.

ಬೆಳೆ ತಿನ್ನುವ ಹುಳುಗಳ ವಂಶ ನಶಿಸಿದರೆ ಒಳ್ಳೆಯದೇ ಆಯಿತಲ್ಲವೆ ಎಂದು ಕೇಳುವವರುಂಟು. ಆದರೆ ಪತಂಗಕುಲದಲ್ಲಿ ಪೀಡೆಗಳ ಸಂಖ್ಯೆ ಅತ್ಯಲ್ಪ. ಉಳಿದವುಗಳಲ್ಲಿ ಅನೇಕವು ಇರುಳರಳುವ ಹೂಗಳಿಗೆ ಪರಾಗವನ್ನು ಒಯ್ಯುವುವು, ಬಾವಲಿಗಳಿಗೂ ಪಕ್ಷಿಗಳಿಗೂ ಆಹಾರವಾಗುವುವು. ಕಲಬುರಗಿಯ ರೈತನು ತೊಗರಿಯ ಹೊಲದಲ್ಲಿ ಕಟ್ಟುವ, ಹೆಣ್ಣಿನ ಗಂಧವನ್ನು ಸೂಸುವ ಮೋಹಕ ಬಲೆಯು ಕಾಯಿಕೊರಕದ ಗಂಡುಗಳನ್ನು ಮಾತ್ರ ಸೆಳೆದು ಮಿಕ್ಕವನ್ನು ಬಹುಮಟ್ಟಿಗೆ ಅವುಗಳ ಪಾಡಿಗೆ ಬಿಡುವುದು; ಬೀದಿದೀಪಕ್ಕೆ ಅಂತಹ ವಿವೇಚನೆಯಿಲ್ಲ.

ಊರನ್ನು ಕತ್ತಲಲ್ಲಿ ಮುಳುಗಿಸಬೇಕೆಂಬುದು ನನ್ನ ವಾದವಲ್ಲ. ರಾತ್ರಿಪಾಳಿ ಮುಗಿಸಿ ಒಂಟಿಯಾಗಿ ಮನೆಗೆ ಮರಳುವ ಹೆಣ್ಣುಮಗಳಿಗೆ ದಾರಿಯಲ್ಲಿ ಬೆಳಕು ಬೇಕೇ ಬೇಕು. ಆದರೆ ಆಕೆಗೆ ಬೇಕಾದ ಬೆಳಕು ನೆಲದ ಮೇಲೆ ಬೀಳತಕ್ಕದ್ದಲ್ಲದೆ ಮರಗಳ ನೆತ್ತಿಯ ಮೇಲೂ ಕೆರೆಯ ನೀರಿನ ಮೇಲೂ ಅಲ್ಲ. ದೀಪಕ್ಕೆ ಮೇಲುಮುಚ್ಚಳ, ನೀಲಾಂಶ ಕಡಮೆಯಾದ ಹಳದಿ ವರ್ಣ, ಜನಸಂಚಾರವಿಲ್ಲದ ಕಡೆ ನಡುರಾತ್ರಿಯ ನಂತರ ತಗ್ಗಿದ ಪ್ರಭೆ, ಕಾಡಂಚಿನಲ್ಲಿಯೂ ಕೆರೆಯಂಚಿನಲ್ಲಿಯೂ ಅಲಂಕಾರ ದೀಪಗಳ ನಿಷೇಧ, ಇವಿಷ್ಟನ್ನು ಸ್ಥಳೀಯ ಸಂಸ್ಥೆಗಳು ದೀಪದ ಟೆಂಡರಿನ ಷರತ್ತುಗಳಲ್ಲಿಯೇ ಬರೆದಿಡಬೇಕು. ಕಂಬ ನೆಟ್ಟ ಮೇಲೆ ಅದನ್ನು ತಿದ್ದಲು ಹಣ ಬೇಕು. ನೆಡುವ ಮೊದಲು ಯೋಚಿಸಲು ವಿವೇಕವೊಂದಿದ್ದರೆ ಸಾಕು.