ದೊಡ್ಡಹುಣಸೆಯ ನೆರಳಿನ ಪಾಠ

ಮಕ್ಕಳನ್ನು ಕಾಡಿಗೆ ಕರೆದೊಯ್ದು ನಿಸರ್ಗದ ಪರಿಚಯ ಮಾಡಿಸುವ 'ಚಿಣ್ಣರ ವನದರ್ಶನ'ವನ್ನು ಅರಣ್ಯ ಇಲಾಖೆಯವರು ಕೈಕೊಂಡುದು ಸ್ತುತ್ಯವೇ ಸರಿ. ಆದರೆ ಊರೊಳಗೇ ಇರುವ ವನವನ್ನು ಮರೆಯುವುದು ನ್ಯಾಯವಲ್ಲ. ಸವಣೂರಿನ ದೊಡ್ಡಹುಣಸೆ ಕಲ್ಮಠದ ಆವರಣದಲ್ಲಿ ಆಫ್ರಿಕಾ ಮೂಲದ ಮೂರು ಮಹಾವೃಕ್ಷಗಳು ಶತಮಾನಗಳಿಂದ ನಿಂತಿದ್ದವು. 2023ರ ಜುಲೈ ತಿಂಗಳ ಮಳೆಯಲ್ಲಿ ಅವುಗಳಲ್ಲೊಂದು ಬುಡಸಹಿತ ಉರುಳಿತು. ಯಂತ್ರಗಳಿಂದ ಎತ್ತಿ ಅದನ್ನು ಮರಳಿ ನೆಟ್ಟರು. ಬಿದ್ದ ಮರಕ್ಕಾಗಿ ಮರುಗಿದವರು ಬಹಳ; ನಿಂತಿದ್ದಾಗ ಅದರ ಗುಣವನ್ನರಿತವರೆಷ್ಟು ಮಂದಿ?

ಕಾಯಿಯ ತಿರುಳು ಹುಳಿಯಾದರೂ ಇದು ಹುಣಸೆಯ ಕುಲದ್ದಲ್ಲ, ಬೂರುಗದ ಬಂಧು. ಉಬ್ಬಿದ ಕಾಂಡದಲ್ಲಿ ನೀರನ್ನು ಹಿಡಿದಿಟ್ಟು, ಬೇಸಗೆಯಲ್ಲಿ ಎಲೆ ಕಳಚಿ ಬದುಕುವ ಮರ. ಇದರ ಬಿಳಿಯ ಹೂ ಸಂಜೆಗೆ ಅರಳಿ ಬಾವಲಿಗಳನ್ನು ಕರೆದು ಮರುದಿನವೇ ಬಾಡುವುದು. ಗಂಟೆ ಬಾರಿಸಿದೊಡನೆ ಮುಚ್ಚುವ ಶಾಲೆಯ ವೇಳಾಪತ್ರಿಕೆಯಲ್ಲಿ ಈ ಪಾಠಕ್ಕೆ ಎಡೆಯೆಲ್ಲಿ! ಗುರುಗಳು ಒಂದು ಸಂಜೆಯನ್ನು ಕೊಡಬೇಕು. ಪಾಲಕರೂ ಜೊತೆಗೆ ಬರಬೇಕು.

ಶಿಗ್ಗಾಂವಿ ತಾಲೂಕಿನವರಿಗೆ ಬಂಕಾಪುರದ ಕೋಟೆಯಲ್ಲಿ 2006ರಲ್ಲಿ ಘೋಷಿತವಾದ ನವಿಲುಧಾಮವಿದೆ. ಹಾನಗಲ್ಲಿಗೆ ಆನೆಕೆರೆ, ಹಿರೇಕೆರೂರಿನವರಿಗೆ ಮದಗ ಮಾಸೂರಿನ ಕೆರೆ. ಹೊಸ ಉದ್ಯಾನಕ್ಕೆ ಹಣವಿಲ್ಲವೆಂಬ ಪುರಸಭೆಗಳ ಹಳೆಯ ರಾಗ ಇಲ್ಲಿ ನಡೆಯದು. ಬೇಲಿ ಹಾಕಿ ಫಲಕ ನಿಲ್ಲಿಸಿದರೆ ಕರ್ತವ್ಯ ಮುಗಿಯಿತೆಂದು ತಿಳಿಯುವವರೂ ಉಂಟು. ಫಲಕವನ್ನೋದಿ ಮರವನ್ನರಿತ ಮಗುವನ್ನು ನಾವಂತೂ ಕಂಡಿಲ್ಲ.

ಸವಣೂರಿನ ಪುರಸಭೆಯವರೂ ಶಿಕ್ಷಣಾಧಿಕಾರಿಗಳೂ ಮಠದವರೊಡನೆ ಕುಳಿತು ತಿಂಗಳಿಗೊಂದು ಸಂಜೆಯನ್ನು ಗೊತ್ತುಪಡಿಸಬೇಕೆಂದು ನಮ್ಮ ಸೂಚನೆ. ಕಾಂಡದ ಸುತ್ತಳತೆಯನ್ನು ಮಕ್ಕಳೇ ಕೈಕೈ ಹಿಡಿದು ಅಳೆಯಲಿ. ಮರಳಿ ನೆಟ್ಟ ಮರದ ಸ್ಥಿತಿಗತಿಯನ್ನು ತಿಂಗಳು ತಿಂಗಳೂ ತಮ್ಮ ವಹಿಯಲ್ಲಿ ಬರೆದಿಡಲಿ. ಮೊದಲನೆಯ ಸಂಜೆಗೆ ಬರುವ ಜೂನ್ ತಿಂಗಳೇ ತಕ್ಕುದು.